ವೈನಿಯ ಐತವಾರಗಳು

ನಮ್ಮ ವೈನಿಯ ಕಾಲುಂಗುರಗಳು ಸವೆಯುತ್ತಿರಲಿಲ್ಲ. ಓಣಿಯ ಉಳಿದ ಮುತ್ತೈದೆಯರ ಕಾಲುಂಗುರಗಳು ನೆಲದ ಫರಸಿಗೆ ತಿಕ್ಕಿ ತಿಕ್ಕಿ ಅಡಿಯಲ್ಲಿ ತೆಳ್ಳಗಾಗಿ, ಒಂದು ದಿನ ಬಚ್ಚಲಲ್ಲಿ ಪಟ್ಟನೆ ಮುರಿದು ಅಕ್ಕಸಾಲಿಗನ ಕಡೆಗೆ ಹೋಗುತ್ತಿದ್ದವು. ವೈನಿಯವು ಮಾತ್ರ ಮದುವೆಯ ದಿನ ಹೇಗಿದ್ದವೋ ಹಾಗೇ ಇದ್ದವು. ಮೇಲಿನ ಬಳ್ಳಿಯ ಕೆತ್ತನೆ ಕೂಡ ಮಾಸಿರಲಿಲ್ಲ. ಅಂಗಾಲಂತೂ ಎಳೆಗೂಸಿನದು, ಒಂದು ಬಿರುಕಿಲ್ಲ. ಪ್ರತಿ ಶುಕ್ರವಾರ ಆಕೆ ಎರಡೂ ಕೈಯಿಂದ ಒಂದೊಂದೇ ಕಾಲನ್ನು ಎತ್ತಿ ಹತ್ತಿರಕ್ಕೆ ಎಳೆದುಕೊಂಡು, ಯಾರದೋ ಮಗುವಿನ ಕಾಲಿಗೆ ಹಚ್ಚುವಂತೆ ಅರಿಷಿಣ ಹಚ್ಚಿ, ಮತ್ತೆ ಮೊದಲಿನ ಜಾಗದಲ್ಲಿ ಇಡುತ್ತಿದ್ದಳು. "ಅಕ್ಕಸಾಲಿಗ್ಯಾ ನನ್ನ ಮ್ಯಾಲೆ ಸಿಟ್ಟಾಗಿರಬೇಕು" ಎನ್ನುತ್ತಿದ್ದಳು.

ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಆಗ ನಾವು ನಾಲ್ಕು ಜನ: ಅವ್ವ, ಅಣ್ಣ, ಅಣ್ಣನ ಹೆಂಡತಿಯಾದ ಈ ವೈನಿ, ಮತ್ತು ಯಾವ ಲೆಕ್ಕಕ್ಕೂ ಬಾರದ ನಾನು. ಅಪ್ಪ ಬೇಗ ತೀರಿಕೊಂಡಿದ್ದರು. ಅಣ್ಣ ರೇಲ್ವೆ ವರ್ಕಶಾಪಿನಲ್ಲಿ ಗುಮಾಸ್ತ. ವೈನಿ ನಮ್ಮ ಮನೆ ತುಂಬಿದಾಗ ನಾನಿನ್ನೂ ಕನ್ನಡ ಸಾಲಿಗೆ ಹೋಗುವ ಹುಡುಗ. ಮುಂದೆ ಕೆಲ ವರ್ಷಕ್ಕೆ ಆಕೆಗೆ ಹೆರಿಗೆಯಾಯಿತು, ಕೂಸು ಉಳಿಯಲಿಲ್ಲ. ಬಾಣಂತಿಗೆ ಏರಿದ ಜ್ವರ ಇಳಿದುಹೋಗುವಾಗ ಸೊಂಟದ ಕೆಳಗಿನ ಶಕ್ತಿಯನ್ನೂ ಕರೆದುಕೊಂಡು ಹೋಯಿತು. ಡಾಕ್ಟರು ಬಾಟಲಿ ಕೊಟ್ಟರು, ನಾಟಿ ವೈದ್ಯರು ಎಣ್ಣೆ ಕೊಟ್ಟರು, ಅವ್ವ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಕಾಲು ಯಾರ ಮಾತನ್ನೂ ಕೇಳಲಿಲ್ಲ. ಇನ್ನೊಂದು ಬಸಿರಾದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಅಣ್ಣನನ್ನು ಬಾಗಿಲ ಹೊರಗೆ ಕರೆದು ಹೇಳಿದರು. ಬಾಗಿಲು ತೆಳ್ಳಗಿತ್ತು, ವೈನಿಗೂ ಕೇಳಿಸಿತು.

ನನ್ನದೊಂದು ಕೆಟ್ಟ ಚಟ. ಕಂಡವರ ನಕಲು ಮಾಡುವುದು. ಪುರೋಹಿತರು ಮೂಗಿನಿಂದ ಹೇಳುವ ಸಂಕಲ್ಪ, ಹೆಡ್ಮಾಸ್ತರರು ಬೈಯುವ ಮೊದಲು ಕೆಮ್ಮುವ ಕೆಮ್ಮು, ತರಕಾರಿಯವಳ ರಾಗ, ಅವ್ವನ ನಿಟ್ಟುಸಿರು, ಯಾವುದನ್ನೂ ಬಿಟ್ಟವನಲ್ಲ. ಅದಕ್ಕಾಗಿ ಹೊಡೆಸಿಕೊಂಡಿದ್ದೇನೆ, ಹೊಡೆಯುವಾಗ ಮಾಸ್ತರರು ಹಲ್ಲು ಕಚ್ಚಿದ್ದು ಹೇಗೆಂದು ಮನೆಗೆ ಬಂದು ತೋರಿಸಿಯೂ ಇದ್ದೇನೆ. ಇಂಥವನಿಗೆ ಸರಿಯಾದ ಪ್ರೇಕ್ಷಕರು ಬೇಕಲ್ಲ? ಎದ್ದು ಹೋಗಲಾರದ ಪ್ರೇಕ್ಷಕರು ಮನೆಯಲ್ಲೇ ಸಿಕ್ಕರು. ಈ ಮಾತು ಕೂಡ ನನ್ನದಲ್ಲ, ವೈನಿಯದೇ.

ವೈನಿ-ಮೈದುನರ ನಡುವೆ ಚೇಷ್ಟೆಗೆ ನಮ್ಮ ಕಡೆ ಪರವಾನಿಗೆ ಇದೆ. ಗಂಡನ ಮನೆಯವರ ಹೆಸರು ಬಾಯಿಂದ ಹೇಳಬಾರದೆಂದು ಆಕೆ ಬಂದ ವಾರದಲ್ಲೇ ನನಗೆ 'ರಾಯರು' ಎಂದು ಹೆಸರಿಟ್ಟಿದ್ದಳು. ಆಗ ರಾಯರ ಮೂಗು ಸೋರುತ್ತಿತ್ತು. "ರಾಯರ, ಮೂಗ ಒರಸ್ಕೋರಿ" ಎಂದು ಬಹುವಚನದಲ್ಲೇ ಮರ್ಯಾದೆ ತೆಗೆಯುತ್ತಿದ್ದಳು.

ಆಕೆಯ ಹಾಸಿಗೆ ಪಡಸಾಲೆಯಲ್ಲಿ, ಬೀದಿಯ ಕಿಟಕಿಗೆ ಹತ್ತಿ. ಬೆಳಗಿನಿಂದ ಸಂಜೆಯ ತನಕ ಹೋಗುವವರು, ಬರುವವರು. ಒಂದು ದಿನ ನಾನು ಓಣಿಯ ವಕೀಲರ ನಕಲು ಮಾಡಿ ಮುಗಿಸಿ, ನಗಲೆಂದು ಕಾದು ನಿಂತೆ. ಆಕೆ ನಗಲಿಲ್ಲ.

"ದನಿ ಛಲೋ ತಗೀತೀರಿ ರಾಯರ. ಆದ್ರ ಮನಷ್ಯಾ ಗಂಟಲಾಗ ಇರಂಗಿಲ್ಲ, ಕಾಲಾಗ ಇರ್ತಾನ."

ಅಂದಿನಿಂದ ನನ್ನ ಸಾಲಿ ಬೇರೆಯಾಯಿತು. ವಕೀಲರು ತಮ್ಮ ಹೊಟ್ಟೆಯನ್ನು ತಾಟಿನಲ್ಲಿ ಇಟ್ಟುಕೊಂಡು ಬೇರೆ ಯಾರಿಗೋ ಮುಟ್ಟಿಸಲು ಹೊರಟವರಂತೆ ನಡೆಯುತ್ತಾರೆ. ಪುರೋಹಿತರು ನೆಲದ ಮೇಲೆಲ್ಲ ಯಾರದೋ ಮೈಲಿಗೆ ಬಟ್ಟೆ ಹರವಿದೆಯೆಂಬಂತೆ. ಸ್ವರಾಜ್ಯದ ಪದ ಹಾಡುತ್ತ ಬರುವ ಬೆಳಗಿನ ಪ್ರಭಾತಫೇರಿಯ ಹುಡುಗರು ಓಣಿಯ ಈ ತುದಿಯಲ್ಲಿ ಸಿಪಾಯಿಗಳು, ಪೊಲೀಸ್ ಚೌಕಿ ಕಂಡಕೂಡಲೇ ಮದುವೆಗೆ ಹೊರಟವರು. ಎಲ್ಲವನ್ನೂ ಆಕೆ ಕೂತಲ್ಲಿಂದ ಹೇಳುವಳು, ಪಡಸಾಲೆಯ ಉದ್ದಕ್ಕೂ ನಾನು ನಡೆದು ತೋರಿಸುವೆ, ಆಕೆ ತಿದ್ದುವಳು. ಹಾಗಾದರೆ ನಾನು ಹೇಗೆ ನಡೆಯುತ್ತೇನೆ ಎಂದು ಒಮ್ಮೆ ಕೇಳಿದೆ. ಹಿಂದಿನಿಂದ ಯಾರೋ ಕರೆದಾರೆಂದು ಕಾಯುತ್ತ ನಡೆಯುತ್ತೇನಂತೆ, ಯಾರೂ ಕರೆಯುವುದಿಲ್ಲವಂತೆ. ಆಮೇಲೆ ಎಷ್ಟೋ ದಿನ ನನಗೆ ಸರಿಯಾಗಿ ನಡೆಯಲು ಬರಲಿಲ್ಲ.

ಆದರೆ ಕಿಟಕಿ ಕಿಟಕಿಯೇ. ಅವ್ವ ವಿಧವೆಯಾದ್ದರಿಂದ ಅರಿಷಿಣ-ಕುಂಕುಮಕ್ಕೆ ನಮ್ಮ ಮನೆಯಿಂದ ಹೋಗಬೇಕಾದವಳು ವೈನಿಯೊಬ್ಬಳೇ. ಮೊದಲ ವರ್ಷ ಓಣಿಯವರು ಕರೆಯಲು ಬಂದರು. ಮರುವರ್ಷದಿಂದ, ಪಾಪ ಆಕೆಗೇಕೆ ತ್ರಾಸು ಎಂದು, ಕರೆಯುವುದನ್ನು ಬಿಟ್ಟು ಕೋಸಂಬರಿ, ಪಾನಕಗಳನ್ನು ನಮ್ಮ ಮನೆಯ ಬಟ್ಟಲು ತರಿಸಿಕೊಂಡು ಅದರಲ್ಲಿ ಹಾಕಿ ಕಳಿಸತೊಡಗಿದರು. ತಂದವರ ಎದುರು ನಕ್ಕು, ಅವರು ಹೋದ ಮೇಲೆ ಬಟ್ಟಲನ್ನು ದೂರ ಸರಿಸಿ ಆಕೆ ಹೇಳಿದ್ದು ನೆನಪಿದೆ: "ನನ್ನ ಕರೀಲಿಲ್ಲ ನೋಡ್ರಿ, ನನ್ನ ಬಟ್ಟಲಾ ಕರದ್ರು."

ಅದನ್ನು ಕೇಳಿಯೇ ಇರಬೇಕು, ಅಣ್ಣ ಐತವಾರದ ಗಾಡಿ ಶುರು ಮಾಡಿದ. ಓಣಿಯ ಕೊನೆಗೆ ಅರಳೆ ಪೇಟೆಯ ಹಮಾಲನೊಬ್ಬನ ಮನೆ. ಅರಳೆಯ ಅಂಡಿಗೆ ಹೊರುವ ಅವನ ಕೈಗಾಡಿ ರಜೆಯ ದಿನ ಸುಮ್ಮನೆ ನಿಂತಿರುತ್ತಿತ್ತು. "ಒಯ್ಯಿರಿ, ಅದಕ್ಕೂ ಹವಾ ತಿಂದಂಗ ಆಕ್ಕೈತಿ" ಎಂದ. ಟಾಂಗಾದ ಮೆಟ್ಟಿಲು ಎತ್ತರ, ಚಕ್ಕಡಿಯ ಕುಲುಕಾಟಕ್ಕೆ ಆಕೆಯ ಸೊಂಟ ತಡೆಯದು. ಈ ಗಾಡಿ ಮಾತ್ರ ತಗ್ಗು, ಸಪಾಟು. ಅದರ ಮೇಲೊಂದು ಗಾದಿ, ಬೆನ್ನಿಗೊಂದು ಲೋಡು, ಎರಡೂ ಬದಿಗೆ ಅವ್ವನ ಹಳೆಯ ಸೀರೆಯ ಮರೆ. ಅಣ್ಣ ಆಕೆಯನ್ನು ಎತ್ತಿ ತಂದು ಕೂಡಿಸುವನು, ನಾನು ನೂಕುವೆ. ಈ ಹಂಚಿಕೆ ಎಂದೂ ಬದಲಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಚೇಷ್ಟೆಯ ಪರವಾನಿಗೆ ನಾಲಿಗೆಗೆ ಮಾತ್ರ, ಕೈಗಿಲ್ಲ. ಮೀಸೆ ಬಂದ ಮೈದುನ ವೈನಿಯನ್ನು ಎತ್ತಿಕೊಂಡು ಬೀದಿಗೆ ಬಂದರೆ ಓಣಿಯ ಕಿಟಕಿಗಳೆಲ್ಲ ಒಮ್ಮೆಗೇ ತೆರೆಯುತ್ತವೆ.

ಗಾಡಿ ಬಂದ ಮೇಲೆ ನನಗೆ ಹುಬ್ಬಳ್ಳಿ ಹೊಸದಾಗಿ ಕಾಣತೊಡಗಿತು. ಊರ ತುಂಬ ಮೆಟ್ಟಿಲು. ಗುಡಿಗಳೆಲ್ಲ ಜಗಲಿಯ ಮೇಲೆ. ನಾಟಕದ ಕಂಪನಿಯಲ್ಲಿ ಹೆಂಗಸರಿಗೆ ಅಟ್ಟ. ಗಟಾರು ದಾಟಲು ಒಂದೇ ಕಲ್ಲು. ಬೀದಿಯಲ್ಲಿ ಗಾಡಿ ನಿಲ್ಲಿಸಿ, ಒಳಗೆ ಮಿಣುಕುವ ದೀಪಕ್ಕೆ ಅಲ್ಲಿಂದಲೇ ಕೈಮುಗಿದು ವೈನಿ ಹೇಳುತ್ತಿದ್ದಳು: "ದೇವರಿಗೂ ಕಾಲಿಲ್ಲ ಕಾಣಸ್ತದ. ಇಳದು ಬರವಲ್ಲ." ನಮಗೆ ಒಲಿದದ್ದು ಎರಡೇ ಜಾಗ. ಸ್ಟೇಶನ್ನಿನ ಪ್ಲಾಟಫಾರ್ಮಿಗೆ ಸಾಮಾನು ಏರಿಸಲು ಇಳಿಜಾರಿತ್ತು. ಅಲ್ಲಿ ನಾವು ಸಾಮಾನಾಗಿ ಏರಿದೆವು. ಮತ್ತೊಂದು ಉಣಕಲ್ಲ ಕೆರೆಯ ಏರಿ. ಅಷ್ಟು ದೂರ ನೂಕಿದ ದಿನ ನನ್ನ ಅಂಗೈ ಸುಲಿದಿತ್ತು. ವೈನಿ ನೀರನ್ನು ನೋಡುತ್ತ ಕೂತಳು. ಅಣ್ಣ ಆಕೆಯ ಹತ್ತಿರ ಏರಿಯ ಕಲ್ಲಿನ ಮೇಲೆ ಕೂತು, ಆಫೀಸಿನ ಹರಟೆ ಹೇಳುತ್ತ, ಕಡಲೆಕಾಯಿ ಸುಲಿದು ಸುಲಿದು ಆಕೆಯ ಉಡಿಗೆ ಹಾಕುತ್ತಿದ್ದ. ಮನೆಯಲ್ಲಿ ಅವ್ವನ ಎದುರು ಗಂಡ ಹೆಂಡತಿಯೊಡನೆ ಕೂತು ಮಾತಾಡುವ ಪದ್ಧತಿ ಇಲ್ಲ. ಅಲ್ಲಿ ಇಬ್ಬರೂ ಎಷ್ಟು ಮಾತಾಡಿದರೆಂದರೆ, ನಾನು ದೂರ ಹೋಗಿ ಎಮ್ಮೆಗಳಿಗೆ ನಕಲು ತೋರಿಸಬೇಕಾಯಿತು. ಎಮ್ಮೆಗಳು ಒಳ್ಳೆಯ ಪ್ರೇಕ್ಷಕರಲ್ಲ.

ವಾರದ ಉಳಿದ ಆರು ದಿನ ಆಕೆ ಮನೆಯ ರೋಗಿ. ಐತವಾರ ಅಣ್ಣನ ಹೆಂಡತಿ. ಇದನ್ನು ನಾನು ಆಮೇಲೆ ತಿಳಿದುಕೊಂಡೆ. ಆಕೆಗೆ ಆಗಲೇ ಗೊತ್ತಿತ್ತು.

ಒಂದು ಚೈತ್ರದಲ್ಲಿ ಪವಾಡವೇ ಆಯಿತು. ಪಕ್ಕದ ಓಣಿಗೆ ಹೊಸದಾಗಿ ಬಂದಿದ್ದ ಒಂದು ಮನೆಯ ಯಜಮಾನತಿ ತಾನೇ ಬಂದು, ವೈನಿಯ ಹಣೆಗೆ ಕುಂಕುಮ ಹಚ್ಚಿ, ಗೌರಿಯ ಅರಿಷಿಣ-ಕುಂಕುಮಕ್ಕೆ ಬರಲೇಬೇಕೆಂದು ಕರೆದಳು. ಮನೆ ಬೀದಿಗೆ ಸಮನಾಗಿದೆ, ಹೊಸ್ತಿಲೊಂದೇ ಅಡ್ಡ ಎಂದು ಕೂಡ ಹೇಳಿದಳು. ವೈನಿ ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆಸಿದಳು. ನಾನು ಹಿಂದಿನ ದಿನವೇ ಹೋಗಿ ಅವರ ಗಟಾರಿನ ಮೇಲೆ ಹಲಗೆ ಹಾಸಿ, ಗಾಲಿ ದಾಟುತ್ತದೆಯೋ ಇಲ್ಲವೋ ಎಂದು ಖಾಲಿ ಗಾಡಿ ನೂಕಿ ನೋಡಿ ಬಂದೆ. ಅವ್ವ ಮಾತ್ರ ಆ ಎರಡು ದಿನ ಯಾರನ್ನೂ ಬೈಯಲಿಲ್ಲ. ಅಷ್ಟಕ್ಕಾದರೂ ನನಗೆ ಸಂಶಯ ಬರಬೇಕಿತ್ತು.

ಅಣ್ಣ ವೈನಿಯನ್ನು ಎತ್ತಿಕೊಂಡು ಆ ಮನೆಯ ಹೊಸ್ತಿಲು ದಾಟಿದ. ಹೆಂಗಸರ ಕಣ್ಣುಗಳು ಆಕೆಯ ಸೀರೆಯ ಮೇಲಿರಲಿಲ್ಲ, ಎತ್ತಿಕೊಂಡವನ ಮೇಲಿದ್ದವು. ಆಕೆಯನ್ನು ಜಮಖಾನೆಯ ಮೇಲೆ ಕೂಡಿಸಿ ಹೊರಗೆ ಬರಹೊರಟವನನ್ನು ತಡೆದು, ಪಾನಕ ಕುಡಿದೇ ಹೋಗಬೇಕೆಂದು ಮಣೆ ಹಾಕಿದರು. ಹೆಂಗಸರ ನಡುವೆ ಒಬ್ಬನೇ ಗಂಡಸು, ಬೆವರು ಒರೆಸಿಕೊಳ್ಳುತ್ತ ನೆಲ ನೋಡುತ್ತ ಕೂತ. ನಾನು ಹೊರಗೆ ಕಟ್ಟೆಯ ಮೇಲೆ, ರೇಲ್ವೆ ನೌಕರಿಗೆ ಊರಲ್ಲಿ ಎಂಥ ಮರ್ಯಾದೆ ಎಂದು ಹೆಮ್ಮೆಪಡುತ್ತಿದ್ದೆ. ನನ್ನ ಜಾಣತನಕ್ಕೆ ಯಾರಾದರೂ ಆರತಿ ಎತ್ತಬೇಕು.

ತೆರೆದ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಆ ಮನೆಗೊಬ್ಬ ಮಗಳು, ಹದಿನಾರು-ಹದಿನೇಳು ಇರಬಹುದು. ಪಾನಕ ತಂದಳು. ತಾಯಿ ಆಕೆಯನ್ನು ಮತ್ತೆ ಒಳಗೆ ಕಳಿಸಿದಳು, ಕೋಸಂಬರಿ ತಾ ಎಂದು. ಬಂದಳು. ಹೂವು ಮರೆತೆಯಲ್ಲ ಎಂದಳು ತಾಯಿ. ಹೋಗಿ ಬಂದಳು. ದೀಪದ ಬತ್ತಿ ಸರಿಮಾಡು, ಆ ಮೂಲೆಯ ಚೆಂಬು ಈ ಮೂಲೆಗೆ ಇಡು. ಎಷ್ಟು ದಡ್ಡ ತಾಯಿ, ಎಲ್ಲ ಒಮ್ಮೆಗೇ ಹೇಳಬಾರದೇ ಎಂದುಕೊಂಡೆ. ವೈನಿ ಮಾತ್ರ ನೋಡುತ್ತಿದ್ದಳು. ಕನ್ಯೆ ತೋರಿಸುವಾಗ ಹುಡುಗಿಯನ್ನು ಹೀಗೆಯೇ ನಡೆಸುತ್ತಾರೆ, ಕಾಲು ನೆಟ್ಟಗಿದೆಯೋ ಇಲ್ಲವೋ ಕಾಣಲೆಂದು. ವೈನಿಯನ್ನೂ ಒಂದು ದಿನ ಹೀಗೆ ನಡೆಸಿ ನೋಡಿಯೇ ಅವ್ವ ಒಪ್ಪಿದ್ದಳು. ಕೊನೆಗೆ ಹುಡುಗಿ ಬಂದು ಎದುರಿಗೆ ಕೂತಾಗ ವೈನಿ ತಾನಾಗಿಯೇ ಭರಣಿ ಎಳೆದುಕೊಂಡು ಆಕೆಯ ಹಣೆಗೆ ಕುಂಕುಮ ಹಚ್ಚಿದಳು. ಒಳಗೆ ಯಾರೋ ಜೋರಾಗಿ ಉಸಿರು ಬಿಟ್ಟರು.

ಮರಳಿ ಬರುವಾಗ ಅಣ್ಣ ನಮಗಿಂತ ಬಹಳ ಮುಂದೆ ನಡೆಯುತ್ತಿದ್ದ. ನಾನು ಗಾಡಿ ನೂಕುತ್ತ ಆ ಮನೆಯವರ ನಕಲು ಶುರುಮಾಡಿದ್ದೆ.

"ಹುಡುಗಿ ನಡಿಗಿ ಛಲೋ ಅದ" ಎಂದಳು ವೈನಿ. "ಹೆಜ್ಜಿ ಸಪ್ಪಳ ಕೇಳಸಂಗಿಲ್ಲ."

"ಯಾ ಹುಡುಗಿ, ವೈನಿ?"

"ನಿನ್ನ ಹೊಸಾ ವೈನಿ."

ಗಾಡಿ ನನ್ನ ಕೈಯಲ್ಲಿ ನಿಂತುಹೋಯಿತು. ಆಕೆ 'ರಾಯರು' ಬಿಟ್ಟು ನನ್ನನ್ನು 'ನೀನು' ಎಂದದ್ದು ಅದೇ ಮೊದಲು.

"ನಿಂದರಸಬ್ಯಾಡ. ನೂಕು. ಮಂದಿ ನೋಡ್ಲಿಕ್ಕೆ ಹತ್ಯಾರ."

ಮನೆಗೆ ಬಂದ ಮೇಲೆ ಅವ್ವ ಆಕೆಯ ಹಾಸಿಗೆಯ ಹತ್ತಿರ ಕೂತು ಅತ್ತಳು. ವಂಶ ಉಳಿಯಬೇಕು, ತನ್ನ ಕೈಕಾಲು ಇನ್ನೆಷ್ಟು ದಿನ ನಡೆದಾವು, ನಿನ್ನನ್ನು ನೋಡಿಕೊಳ್ಳಲಿಕ್ಕೂ ಒಬ್ಬಳು ಬೇಕು ಎಂದೆಲ್ಲ ಹೇಳಿದಳು. ಒಂದೂ ಸುಳ್ಳಲ್ಲ, ಅದೇ ತೊಂದರೆ. ತಾನು ಬೇಡವೆಂದರೆ ಬಿಡುತ್ತೀರಾ ಎಂದು ವೈನಿ ಕೇಳಿದಳು. ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಇಲ್ಲವೆಂದು ತಲೆಯಾಡಿಸಿದಳು. ನಮ್ಮ ಅವ್ವ ಸುಳ್ಳು ಹೇಳುವವಳಲ್ಲ.

"ಆತು ತಗೋರಿ ಅತ್ಯಾ. ಎಲ್ಲಾ ಆಕಿಗೆ ಕೊಡ್ರಿ. ಐತವಾರೊಂದು ನನಗಿರ್ಲಿ."

ಎಲ್ಲರೂ ಒಪ್ಪಿದರು. ಅಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತು, ಇಲ್ಲೆನ್ನುವುದುಂಟೇ ಎಂದ. ಮದುವೆ ವೈಶಾಖದಲ್ಲಾಯಿತು.

ಹೊಸ ವೈನಿ ಕೆಟ್ಟವಳಾಗಿದ್ದರೆ ಈ ಬರಹ ಎಷ್ಟು ಸುಲಭವಾಗುತ್ತಿತ್ತು! ನಾನು ಆಕೆಯ ನಕಲು ಮಾಡಿ, ನಿಮ್ಮನ್ನು ನಗಿಸಿ, ಸೇಡು ತೀರಿಸಿಕೊಳ್ಳಬಹುದಿತ್ತು. ಆಕೆ ಒಳ್ಳೆಯವಳು. ವೈನಿಯ ತಲೆ ಬಾಚುವಳು, ಬೆನ್ನು ಒರೆಸುವಳು, 'ಅಕ್ಕಾ' ಎನ್ನುವಳು. ಗಟ್ಟಿ ಮೈ, ಅವ್ವನ ಜೊತೆ ಸೇರಿ ಒಂದೆರಡು ಸಲ ವೈನಿಯನ್ನು ಎತ್ತಿ ಹಿತ್ತಲ ಬಿಸಿಲಿಗೂ ಒಯ್ದಳು. ಮದುವೆಯ ಮುಂದಿನ ಐತವಾರ ಅಣ್ಣ ಬೀಗರ ಊಟಕ್ಕೆ ಹೋಗಬೇಕಾಯಿತು. ಅದರ ಮುಂದಿನ ಐತವಾರ ಸ್ಟೇಶನ್ನಿಗೆ ಹೋದೆವು. ಹೊಸಬಳನ್ನು ಮನೆಯಲ್ಲಿ ಬಿಟ್ಟು ಬಂದ ಅಣ್ಣ, ರೇಲು ಬರುವ ಮೊದಲೇ ಹೊರಡೋಣವೇ ಎಂದ. ಆಮೇಲೆ ಮಳೆ. ಆಮೇಲೆ ಹಬ್ಬಕ್ಕೆ ಹೊಸ ಅಳಿಯನನ್ನು ಕರೆದರು. ನಡುವೆ ಒಂದೋ ಎರಡೋ ಸಲ ಹೋದೆವು, ಓಣಿಯ ತುದಿಯ ತನಕ. ಹೊಸ ಅರಳೆ ಬರತೊಡಗಿದ ಮೇಲೆ ಪೇಟೆಗೆ ಐತವಾರವೂ ಬಿಡುವಿಲ್ಲ ಎಂದು ಹಮಾಲ ಗಾಡಿ ಒಯ್ದ. ಕೊಡುವಾಗ ಇದ್ದಷ್ಟೇ ಪ್ರೀತಿಯಿಂದ ಹೇಳಿ ಒಯ್ದ. ಅಷ್ಟರಲ್ಲಿ ಹೊಸ ವೈನಿಗೆ ಬಸಿರು ನಿಂತು, ಭಾರ ಎತ್ತಬಾರದೆಂದಾಯಿತು. ಹಿತ್ತಲೂ ಹೋಯಿತು. ಯಾರೂ ಏನನ್ನೂ ಕಸಿದುಕೊಳ್ಳಲಿಲ್ಲ. ಐತವಾರಗಳು ತಾವಾಗಿಯೇ ಉಳಿದ ವಾರಗಳಲ್ಲಿ ಕರಗಿದವು.

ಒಂದು ಮಧ್ಯಾಹ್ನ ನನಗೆ ತಡೆಯಲಿಲ್ಲ. ಗಾಡಿ ಬೇರೆ ತರುತ್ತೇನೆ, ನಾನೇ ಎತ್ತುತ್ತೇನೆ, ಓಣಿಯವರ ಕಿಟಕಿ ತೆರೆಯಲಿ, ನನಗೇನು ಎಂದೆ.

"ನಿನಗೇನಿಲ್ಲ ಖರೇ. ನಾಳಿ ನಿನಗ ಕನ್ಯಾ ಕೊಡಾವ್ರು ಕೇಳ್ತಾರ. ಮತ್ತ ನನ್ನ ಕಡೆ ಈಗ ಉಳದಿದ್ದು ಹೆಸರೊಂದ. ಅದನ್ನರ ಬಿಡು."

ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಹೆರಿಗೆಯಾದ ಮೇಲೆ ಬಾಣಂತಿಗೆ ಗಾಳಿ ಬಡಿಯಬಾರದೆಂದು ಮೊದಲೇ ಆ ಪಡಸಾಲೆಯನ್ನೇ ಮರೆಮಾಡಿ ಸಜ್ಜು ಮಾಡಬೇಕಾಗಿ ಬಂತು. ವೈನಿಯ ಹಾಸಿಗೆ ನಡುಮನೆಗೆ ಸರಿಯಿತು. ನಡುಮನೆಗೆ ಕಿಟಕಿಯಿಲ್ಲ. ಆಕೆ ಅದಕ್ಕೂ ಏನೂ ಅನ್ನಲಿಲ್ಲ. ನನಗೆ ಅದೇ ಅಂಜಿಕೆಯಾಯಿತು. ಬೈಯುವ ಮನುಷ್ಯ ಇನ್ನೂ ಏನನ್ನೋ ಕಾಯುತ್ತಿರುತ್ತಾನೆ.

ಆ ಹೊತ್ತಿಗೆ ನಾನು ಸಾಹುಕಾರರೊಬ್ಬರ ವ್ಯಾಪಾರದ ಪೇಢಿಯಲ್ಲಿ ಲೆಕ್ಕ ಬರೆಯುವ ಕಾರಕೂನನಾಗಿದ್ದೆ. ಮಲಗಿ ಮಲಗಿ ಬೆನ್ನಿಗಾದ ಹುಣ್ಣು ಕೀವಾಗಿ ವೈನಿಗೆ ಜ್ವರ ಬರತೊಡಗಿತ್ತು. ದಿನಾ ಸಂಜೆ ಬಂದು ಆಕೆಯ ಹತ್ತಿರ ಕೂತು ಸಾಹುಕಾರರನ್ನೂ ದಲಾಲರನ್ನೂ ಮಾಡಿ ತೋರಿಸುವೆ. ಆಷಾಢದ ಒಂದು ಸಂಜೆ ಆಕೆ ಕೈ ಎತ್ತಿ ನನ್ನನ್ನು ತಡೆದಳು.

"ಇವತ್ತ ನಕಲ ಬ್ಯಾಡ. ಪೇಢಿಗೆ ನೀ ಯಾ ಹಾದೀಲೆ ಹೋಗ್ತಿ, ಹೇಳು."

"ದಿನಾ ಹೋಗೂ ಹಾದೀಲೇ, ವೈನಿ."

"ಅದ ಯಾವದು? ಬಾಗಲಾ ದಾಟಿದಿ. ಆಮ್ಯಾಲೆ?"

ಬಾಯಿ ತೆರೆದೆ. ಸಾಹುಕಾರರ ದನಿ ಬಂತು, ದಲಾಲರ ದನಿ ಬಂತು, ಹಾದಿ ಬರಲಿಲ್ಲ. ದಿನಾ ನಡೆಯುವ ಬೀದಿಯಲ್ಲಿ ಎಡಕ್ಕೆ ಏನಿದೆ, ಬಲಕ್ಕೆ ಏನಿದೆ, ನನಗೆ ಗೊತ್ತಿರಲಿಲ್ಲ. ಆಕೆ ಸಿಟ್ಟಾಗಲಿಲ್ಲ. ನಾಳೆ ನೋಡಿಕೊಂಡು ಬಾ ಎಂದಳು.

ಮರುದಿನ ನೋಡಿದೆ. ಹುಟ್ಟಿ ಬೆಳೆದ ಊರನ್ನು ಪರೀಕ್ಷೆಗೆ ಕೂತವನಂತೆ ಬಾಯಿಪಾಠ ಮಾಡಿದೆ. ಸಂಜೆ ಬಂದಾಗ ವೈನಿಗೆ ಮಧ್ಯಾಹ್ನದಿಂದಲೇ ಎಚ್ಚರವಿರಲಿಲ್ಲ. ತುಂಬು ಬಸುರಿ ಹೊಸ ವೈನಿ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಅಣ್ಣ ಡಾಕ್ಟರರನ್ನು ಕರೆಯಲು ಓಡಿದ್ದ. ನಾನು ತಲೆಯ ಹತ್ತಿರ ಕೂತು ಕಿವಿಗೆ ಬಾಗಿದೆ.

ಬಾಗಿಲು ದಾಟಿದೆವು ವೈನಿ, ಎಂದೆ. ಗಟಾರಿನ ಕಲ್ಲು ಒಂದು ಕಡೆ ಒಡೆದಿದೆ, ಗಾಲಿಯನ್ನು ಬಲಕ್ಕೆ ತೆಗೆದುಕೊಳ್ಳುತ್ತೇನೆ. ಮೂಲೆಯ ಬೇವಿನ ಮರಕ್ಕೆ ಯಾರೋ ಆಡು ಕಟ್ಟಿದ್ದಾರೆ, ಅದು ಹಗ್ಗವನ್ನೇ ತಿನ್ನುತ್ತಿದೆ. ಗೋಡೆಯ ಮೇಲೆ ಸ್ವರಾಜ್ಯ ಎಂದು ಬರೆದದ್ದನ್ನು ಸುಣ್ಣ ಬಳಿದು ಅಳಿಸಿದ್ದರು, ಮಳೆಗೆ ಸುಣ್ಣ ತೊಳೆದು ಅಕ್ಷರ ಮತ್ತೆ ಎದ್ದಿವೆ. ಇಲ್ಲಿ ಟಾಂಗಾಗಳು ನಿಂತಿವೆ. ನೆನೆದ ಹುರುಳಿಯ ವಾಸನೆ ಬಂತೇ? ಈಗ ಚುರಮರಿ ಭಟ್ಟಿ. ಸ್ವಲ್ಪ ನಿಲ್ಲೋಣ, ಒಳಗೆ ಬಿಸಿ ಉಸುಕಿನಲ್ಲಿ ಅಕ್ಕಿ ಅರಳುವ ಸಪ್ಪಳ ಕೇಳಿರಿ.

ಹೇಳುತ್ತಿದ್ದ ದನಿ ಪುರೋಹಿತರದಲ್ಲ, ವಕೀಲರದಲ್ಲ, ಯಾರದೂ ಅಲ್ಲ. ನನ್ನ ದನಿ ಹೀಗಿದೆಯೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ. ಇಂದು ನಾಲ್ಕು ಜನ ಕೇಳುವಂತೆ ಏನಾದರೂ ಹೇಳಲು ನನಗೆ ಬಂದರೆ, ಅದು ಆಕೆ ಆ ಸಂಜೆ ಹೊರಗೆ ತೆಗೆಸಿದ್ದು.

ಅವ್ವ ದೇವರ ಮನೆಯಿಂದ ಗಂಗೆಯ ಗಿಂಡಿ ತಂದು, ಅದರ ಬೆಸುಗೆಯ ಬಾಯಿ ಒಡೆದು, ನನ್ನ ಹೆಗಲು ಮುಟ್ಟಿ ಬದಿಗೆ ಸರಿ ಎಂದಳು. ಸರಿದೆ. ವೈನಿಯ ಬಾಯಿಗೆ ಬಿಟ್ಟ ನೀರು ಒಳಗೆ ಹೋಗಲಿಲ್ಲ. ತುಟಿಯ ಅಂಚಿನಿಂದ ಕಿವಿಯ ಕಡೆಗೆ ಇಳಿಯಿತು. ನಾವಿನ್ನೂ ಭಟ್ಟಿಯ ಮುಂದೆಯೇ ನಿಂತಿದ್ದೆವು. ಪೇಢಿ ದೂರವಿತ್ತು.